ಮೂರು ಮನೆಯೋ, ನೂರು ಮನೆಯೋ: ಕಿರಿದಾದ ರೇಡಿಯೋ ಕೊಂಡಿಯಲ್ಲಿ ಕನ್ನಡ ಮಾತು

ಸಂದೇಶ ಹೊರಟದ್ದು ಹೊಸನಗರ ತಾಲ್ಲೂಕಿನಲ್ಲಿ ಘಟ್ಟದಂಚಿಗಿರುವ ಒಂದು ಊರಿನಿಂದ. ಹೇಳಿದವರು ಹ್ಯಾಮ್ (ಹವ್ಯಾಸಿ ರೇಡಿಯೋ) ಪರವಾನಗಿ ಪಡೆದಿರುವ ಅಡಿಕೆ ಬೆಳೆಗಾರರೊಬ್ಬರು. ಅವರು ಹೇಳಿದ್ದು: “ಮೂರು ಮನೆಗೆ ನೀರು ನುಗ್ಗಿದೆ, ಸೇತುವೆ ಮೇಲೆ ನೀರು ಬಂದಿಲ್ಲ.” ರೇಡಿಯೋದಲ್ಲಿ ಬಂದ ಆ ಮಾತನ್ನು ಬರಹಕ್ಕಿಳಿಸುವ ಶಿವಮೊಗ್ಗದ ಲ್ಯಾಪ್‌ಟಾಪಿನಲ್ಲಿ ಮೂಡಿದ್ದು: “ನೂರು ಮನೆಗೆ ನೀರು ನುಗ್ಗಿದೆ, ಸೇತುವೆ ಮೇಲೆ ನೀರು ಬಂದಿದೆ.”

ಮಳೆಗಾಲಕ್ಕೆ ಮುಂಚಿನ ಅಣಕು ಕಾರ್ಯಾಚರಣೆಯಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆದರೆ ಇದೇ ಸಾಲು ಜುಲೈ ತಿಂಗಳ ರಾತ್ರಿಯಲ್ಲಿ ಬಂದಿದ್ದರೆ? ನೂರು ಮನೆಗಾಗುವಷ್ಟು ಜನ, ದೋಣಿ, ಸಾಮಾನು ಹೊರಡುತ್ತಿತ್ತು. ಸೇತುವೆ ಮುಳುಗಿದೆ ಎಂದುಕೊಂಡು ಅದೆಲ್ಲ ಸುತ್ತು ದಾರಿ ಹಿಡಿಯುತ್ತಿತ್ತು. ಮಾತನ್ನು ಬರಹಕ್ಕಿಳಿಸುವ ತಂತ್ರಾಂಶಗಳನ್ನು ಅಳೆಯುವ ರೂಢಿಯ ಲೆಕ್ಕದಲ್ಲಿ ನೋಡಿದರೆ ಎಂಟು ಪದಗಳಲ್ಲಿ ಆರು ಸರಿ, ಎರಡು ತಪ್ಪು. ಗದ್ದಲದ ರೇಡಿಯೋದಲ್ಲಿ ಬಂದ ಮಾತಿಗೆ ಇದು ಕಳಪೆ ಅಂಕವೇನಲ್ಲ. ಸರಿಯಾದ ಆರೂ ಪದಗಳನ್ನು ಶಿವಮೊಗ್ಗದ ಕೇಂದ್ರದಲ್ಲಿ ಕೂತವರು ಊಹಿಸಿಕೊಳ್ಳಬಹುದಿತ್ತು, ತಪ್ಪಾದ ಎರಡನ್ನು ಯಾರಿಂದಲೂ ಊಹಿಸಲಾಗುತ್ತಿರಲಿಲ್ಲ. ಈ ಬರಹ ಆ ಎರಡು ಪದಗಳ ಬೆನ್ನು ಹತ್ತಿ ಹೋದದ್ದರ ವಿವರ.

ಕೊಂಡಿ ಇದ್ದದ್ದು ಹೇಗೆ

ಮಾಸ್ತಿಕಟ್ಟೆ, ಯಡೂರು, ಹುಲಿಕಲ್, ನಗರ ಎಂಬ ಊರುಗಳ ಸುತ್ತ ಮಳೆ ಹಿಡಿದರೆ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಮೊಬೈಲ್ ಟವರಿನ ಬ್ಯಾಟರಿ. ನೇರ ಗೆರೆಯಲ್ಲಿ ಅಳೆದರೆ ಶಿವಮೊಗ್ಗ ನೂರು ಕಿಲೋಮೀಟರಿಗೂ ಕಡಿಮೆ ದೂರ. ಆದರೆ ನಡುವೆ ಗುಡ್ಡದ ಮೇಲೆ ಗುಡ್ಡ. ವಿಎಚ್‌ಎಫ್ ಅಲೆಗಳು ಕಣ್ಣಳತೆಯ ದಾರಿ ಕೇಳುತ್ತವೆ, ಕಣಿವೆಯೊಳಗಿನ ಮನೆಯಿಂದ ಅವು ಎದುರಿನ ಗುಡ್ಡವನ್ನೂ ದಾಟುವುದಿಲ್ಲ. ಹಾಗಾಗಿ ಎಚ್‌ಎಫ್, ಅಂದರೆ ಶಾರ್ಟ್‌ವೇವ್ ಅಲೆ. ಅಡಿಕೆ ಮರಗಳ ನಡುವೆ ಸುಮಾರು 20 ಮೀಟರ್ ಉದ್ದದ ತಂತಿಯನ್ನು ಹೆಚ್ಚು ಎತ್ತರವಿಲ್ಲದೆ ಅಡ್ಡಲಾಗಿ ಕಟ್ಟಿದರೆ 7 ಮೆಗಾಹರ್ಟ್ಸ್‌ನ ಅಲೆ ಬಹುಪಾಲು ನೆಟ್ಟಗೆ ಮೇಲಕ್ಕೆ ಹೋಗಿ, ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ, ಗುಡ್ಡಗಳ ನೆತ್ತಿಯ ಮೇಲಿಂದ ಕೆಳಗಿಳಿಯುತ್ತದೆ. ಹಗಲಿಗೆ 7, ರಾತ್ರಿಗೆ 3.5 ಮೆಗಾಹರ್ಟ್ಸ್. ಗುಡ್ಡಗಾಡಿನ ಸೇನಾ ತುಕಡಿಗಳು ಬಹಳ ಹಿಂದಿನಿಂದ ಬಳಸುತ್ತಿರುವ ಉಪಾಯವೇ ಇದು.

ಇದನ್ನು ನಮಗೆ ಕಟ್ಟಿ ತೋರಿಸಿದವರು ಭೂಸೇನೆಯ ಸಿಗ್ನಲ್ಸ್ ದಳದಿಂದ ನಿವೃತ್ತರಾಗಿ ತೀರ್ಥಹಳ್ಳಿ ಕಡೆ ತೋಟ ಮಾಡಿಕೊಂಡಿರುವ ಹಿರಿಯರು. ಊರಿನವರೆಲ್ಲ ಅವರನ್ನು ಸುಬೇದಾರ್ ಸಾಹೇಬ್ರು ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಮಾತನ್ನು ಬರಹಕ್ಕಿಳಿಸುವ ಭಾಗ ನನ್ನದು. ಬೇಕಿದ್ದದ್ದು ಇಷ್ಟೇ: ಒಂದೇ ಹೊತ್ತಿಗೆ ಹಲವು ಊರುಗಳಿಂದ ಸಂದೇಶ ಬರತೊಡಗಿದರೆ ಕೇಂದ್ರದಲ್ಲಿರುವ ಒಬ್ಬ ಆಪರೇಟರ್ ಎಲ್ಲವನ್ನೂ ಕೈಯಲ್ಲಿ ಬರೆದುಕೊಳ್ಳಲಾಗದು, ಯಂತ್ರ ಬರೆದುಕೊಳ್ಳಲಿ.

ಎಚ್‌ಎಫ್‌ನ ಒಂದು ಮಾತಿನ ಚಾನೆಲ್‌ಗೆ ಇರುವ ಅಗಲ ಹೆಚ್ಚುಕಡಿಮೆ 3 ಕಿಲೋಹರ್ಟ್ಸ್. ಗದ್ದಲ ಹೆಚ್ಚಿದ ಹೊತ್ತಿನಲ್ಲಿ ಸಾದಾ ಮಾತು ಕೇಳಿಸದೆ ಹೋಗುತ್ತಿದ್ದುದರಿಂದ ಡಿಜಿಟಲ್ ಮಾತಿಗೆ ಹೋದೆವು. ಆಸ್ಟ್ರೇಲಿಯಾದ ಡೇವಿಡ್ ರೋವ್ ಬರೆದಿರುವ, ಮಾತನ್ನು ಕೆಲವೇ ಬಿಟ್‌ಗಳಿಗೆ ಹಿಂಡುವ ಮುಕ್ತ ತಂತ್ರಾಂಶ ಕೋಡೆಕ್ 2, ಅದರ ಸೆಕೆಂಡಿಗೆ 700 ಬಿಟ್‌ನ ಬಗೆ. ಊರಿನ ಕಡೆ ಇದ್ದದ್ದು ರೇಡಿಯೋ ಸೆಟ್, ಅದಕ್ಕೆ ಜೋಡಿಸಿದ ಒಂದು ಸಣ್ಣ ಪೆಟ್ಟಿಗೆ, 12 ವೋಲ್ಟ್ ಬ್ಯಾಟರಿ. ಬರಹಕ್ಕಿಳಿಸುವ ಲ್ಯಾಪ್‌ಟಾಪ್ ಶಿವಮೊಗ್ಗದಲ್ಲಿತ್ತು. ಪ್ರಕರಣದ ಗಂಟು ಇರುವುದೇ ಆ ಲ್ಯಾಪ್‌ಟಾಪ್ ಯಾವ ತುದಿಯಲ್ಲಿತ್ತು ಎಂಬಲ್ಲಿ.

ಸೇನೆಯಿಂದ ಬಂದ ವಿದ್ಯೆ

ಟೆಲಿಫೋನ್ ಗುಣಮಟ್ಟದ ಮಾತನ್ನು ಹಾಗೆಯೇ ಅಂಕಿಗಿಳಿಸಿದರೆ ಸೆಕೆಂಡಿಗೆ 64,000 ಬಿಟ್. ಇದನ್ನು ಕೆಲವೇ ಸಾವಿರಕ್ಕೆ ಇಳಿಸುವ ಹಟ ಹುಟ್ಟಿದ್ದು ಯುದ್ಧದಿಂದ. ಮಾತನ್ನು ಗಟ್ಟಿಯಾಗಿ ಗುಪ್ತಗೊಳಿಸಬೇಕಾದರೆ ಅದು ಅಂಕಿಯಾಗಿರಬೇಕು; ಅಂಕಿಯಾದದ್ದು ಕಿರಿದಾದ ಚಾನೆಲ್‌ನೊಳಗೆ ಹಿಡಿಸಬೇಕು. ಬೆಲ್ ಲ್ಯಾಬ್ಸ್‌ನ ಹೋಮರ್ ಡಡ್ಲಿ ರೂಪಿಸಿದ ವೋಕೋಡರ್ ತತ್ವದ ಮೇಲೆ 1943ರಲ್ಲಿ ಕೆಲಸ ಶುರು ಮಾಡಿದ ‘ಸಿಗ್‌ಸ್ಯಾಲಿ’ ಯಂತ್ರದ ತೂಕ 50 ಟನ್‌ಗೂ ಹೆಚ್ಚು. ಮುಂದೆ ಅಮೆರಿಕದ ರಕ್ಷಣಾ ಇಲಾಖೆ 2,400 ಬಿಟ್‌ನ ಎಲ್‌ಪಿಸಿ-10 ಅನ್ನು ಬಳಸಿತು, 1990ರ ದಶಕದ ಸ್ಪರ್ಧೆಯಲ್ಲಿ ಅದರ ಜಾಗಕ್ಕೆ ಮೆಲ್ಪ್ ಎಂಬ ವೋಕೋಡರನ್ನು ಆರಿಸಿತು. ಅದರ ಸುಧಾರಿತ ರೂಪ ನೇಟೋದ ‘ಸ್ಟಾನಾಗ್ 4591’ ಎಂಬ ಮಾನದಂಡವಾಯಿತು. ಅದರಲ್ಲಿ 2,400, 1,200, 600 ಬಿಟ್‌ನ ಮೂರು ದರಗಳಿವೆ.

ಈ ವೋಕೋಡರುಗಳು ಧ್ವನಿಯನ್ನು ಕಳಿಸುವುದಿಲ್ಲ. ಧ್ವನಿಯ ವರ್ಣನೆಯನ್ನು ಕಳಿಸುತ್ತವೆ. ಮೆಲ್ಪ್ ಪ್ರತಿ 22.5 ಮಿಲಿಸೆಕೆಂಡಿಗೆ ಒಂದು ಫ್ರೇಮು ಕಟ್ಟುತ್ತದೆ, ಒಂದು ಫ್ರೇಮಿಗೆ 54 ಬಿಟ್. ಅಷ್ಟರೊಳಗೆ ಬಾಯಿ-ಮೂಗಿನ ಆಕಾರ, ಗಂಟಲಿನ ಶ್ರುತಿ, ದನಿ ಎಷ್ಟು ಜೋರು, ಯಾವ ಪಟ್ಟಿಯಲ್ಲಿ ನಾದ, ಯಾವುದರಲ್ಲಿ ಬರಿ ಉಸಿರು ಎಂಬುದೆಲ್ಲ ತುಂಬಿರಬೇಕು. ಆಚೆ ತುದಿಯ ಯಂತ್ರ ಈ ವರ್ಣನೆಯನ್ನು ಓದಿ ಹೊಸದಾಗಿ ಒಂದು ದನಿಯನ್ನು ಹುಟ್ಟಿಸುತ್ತದೆ. ನಾವು ಬಳಸಿದ 700 ಬಿಟ್‌ನ ಬಗೆಯಲ್ಲಿ ಫ್ರೇಮು 40 ಮಿಲಿಸೆಕೆಂಡು, ಅದಕ್ಕೆ 28 ಬಿಟ್ ಮಾತ್ರ. ಮನುಷ್ಯರ ಕಿವಿ ಇಂಥ ದನಿಗೆ ಬೇಗ ಒಗ್ಗಿಕೊಳ್ಳುತ್ತದೆ. ವೋಕೋಡರುಗಳನ್ನು ಅಳೆದು ತೂಗಿ ಆರಿಸಿದ್ದೂ ಮನುಷ್ಯರ ಕಿವಿಗೆಂದೇ. ಯಂತ್ರದ ಕಿವಿ ಆ ಲೆಕ್ಕದಲ್ಲಿ ಇರಲಿಲ್ಲ.

ಮಾತನ್ನು ಬರಹಕ್ಕಿಳಿಸಲು ಪಳಗಿಸಿದ ತಂತ್ರಾಂಶಗಳ, ಅಂದರೆ ನಮ್ಮ ಕನ್ನಡ ಮಾದರಿಗಳ ಸ್ಥಿತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಸಾರ್ವಜನಿಕವಾಗಿ ಸಿಗುವ ಕನ್ನಡ ಧ್ವನಿ ಸಂಗ್ರಹಗಳಲ್ಲಿ ಓದಿ ಹೇಳಿಸಿದ, ಒಳ್ಳೆ ಮೈಕಿನ ಧ್ವನಿ ಬಹಳ. ಈಗಿನ ಹೆಚ್ಚಿನ ಮಾದರಿಗಳು ಸೆಕೆಂಡಿಗೆ 16,000 ಸಲ ಅಳೆದ ಧ್ವನಿಯನ್ನು ನಿರೀಕ್ಷಿಸುತ್ತವೆ. ವೋಕೋಡರ್ ಕೊಡುವುದು 8,000. ಅಂದರೆ 4 ಕಿಲೋಹರ್ಟ್ಸ್‌ನ ಮೇಲಿನದೆಲ್ಲ ಖಾಲಿ. ಸ, ಶಗಳ ಬೇರೆತನ ಬಹುಪಾಲು ಕಾಣುವುದು ಅಲ್ಲಿಯೇ.

ಮೂರು ನೂರಾದ ಬಗೆ

ಧ್ವನಿಯನ್ನು ಕೋಡೆಕ್‌ಗೆ ಹೋಗುವ ಮುಂಚೆ, ಬಂದ ಮೇಲೆ, ಎರಡನ್ನೂ ಮುದ್ರಿಸಿಕೊಂಡಿದ್ದೆವು. ಪಕ್ಕಪಕ್ಕ ಇಟ್ಟು ನೋಡಿದಾಗ ಕಾರಣ ಕಣ್ಣಿಗೇ ಕಂಡಿತು.

ಮೂರು, ನೂರು ಎರಡರಲ್ಲೂ ಮೊದಲ ವ್ಯಂಜನ ಬಿಟ್ಟರೆ ಉಳಿದದ್ದೆಲ್ಲ ಒಂದೇ. ಮಕಾರ, ನಕಾರ ಎರಡೂ ಅನುನಾಸಿಕ. ಬಾಯಿ ಮುಚ್ಚಿದ್ದಾಗ ಎರಡರ ಮೂಗಿನ ಗುನುಗೂ ಬಹಳ ಹತ್ತಿರ. ತುಟಿ ಬಿಚ್ಚಿತೋ, ನಾಲಿಗೆ ತುದಿ ಹಲ್ಲಿನಿಂದ ಎದ್ದಿತೋ ಎಂಬುದು ಗೊತ್ತಾಗುವುದು ಮುಖ್ಯವಾಗಿ ಮುಂದಿನ ಊಕಾರಕ್ಕೆ ಜಾರುವ ಆ ಒಂದು ಗಳಿಗೆಯಲ್ಲಿ, ಹೆಚ್ಚೆಂದರೆ 50 ಮಿಲಿಸೆಕೆಂಡು. ನಮ್ಮ ಫ್ರೇಮು 40 ಮಿಲಿಸೆಕೆಂಡು. ಆ ಜಾರುವಿಕೆಯ ಪಾಲಿಗೆ ಬರುವುದು ಒಂದು ಫ್ರೇಮು, ತಪ್ಪಿದರೆ ಎರಡು. ಅದೂ ಬಾಯಿಯ ಆಕಾರಕ್ಕೆಂದು ಮೀಸಲಾದ 18 ಬಿಟ್‌ಗಳೊಳಗೆ, ಮೊದಲೇ ಸಿದ್ಧಪಡಿಸಿಟ್ಟ ಅಚ್ಚುಗಳಲ್ಲಿ ಹತ್ತಿರದ್ದನ್ನು ಆರಿಸಿ ಕಳಿಸಬೇಕು. ನಮ್ಮ ಮುದ್ರಣದಲ್ಲಿ ಆ ಒಂದು ಫ್ರೇಮು ಮಕಾರದ್ದೂ ಅಲ್ಲ, ನಕಾರದ್ದೂ ಅಲ್ಲ, ನಡುವಿನದು. ಮುಂದೆ ಮನೆ, ನೀರು ಎಂಬ ಪದಗಳನ್ನು ಕಂಡ ಭಾಷಾ ಮಾದರಿಗೆ (ಯಾವ ಪದದ ಜೊತೆ ಯಾವುದು ಬರಬಹುದೆಂದು ಅಂದಾಜಿಸುವ ಭಾಗಕ್ಕೆ) ಮೂರೂ ಒಪ್ಪಿಗೆ, ನೂರೂ ಒಪ್ಪಿಗೆ. ಅದು ನೂರನ್ನು ಆರಿಸಿಕೊಂಡಿತು.

ಇದರ ಮೇಲೆ ಶೀಟಿನ ಮನೆ. ಮಾತಾಡಿದ ಜಾಗದಲ್ಲಿ ತಗಡಿನ ಮೇಲೆ ಮಳೆ ಬೀಳುತ್ತಿತ್ತು. ವೋಕೋಡರ್ ‘ಇದು ಮನುಷ್ಯರ ಗಂಟಲು’ ಎಂದು ನಂಬಿ ವರ್ಣನೆ ಬರೆಯುವ ಯಂತ್ರ. ಹಿನ್ನೆಲೆಯ ಸದ್ದು ಸೇರಿದರೆ ಶ್ರುತಿಯ ಲೆಕ್ಕವೂ ನಾದ-ಉಸಿರುಗಳ ಲೆಕ್ಕವೂ ಎರಡೂ ತಪ್ಪುತ್ತವೆ. ಟ್ಯಾಂಕು, ಹೆಲಿಕಾಪ್ಟರುಗಳ ಒಳಗಿಂದ ಮಾತಾಡುವವರಿಗಾಗಿಯೇ ಸ್ಟಾನಾಗ್ 4591ರಲ್ಲಿ ಕೋಡೆಕ್‌ಗೂ ಮುಂಚೆ ಗದ್ದಲ ಇಳಿಸುವ ಹಂತವನ್ನು ಸೇರಿಸಿದ್ದಾರೆ. ನಮ್ಮ ಪೆಟ್ಟಿಗೆಯಲ್ಲಿ ಅಂಥದ್ದು ಇರಲಿಲ್ಲ. ಮೈಕನ್ನು ತುಟಿಯ ಹತ್ತಿರಕ್ಕೆ ತಂದು, ಗೋಡೆಗೆ ಬೆನ್ನು ಹಾಕಿ ನಿಂತು ಮಾತಾಡಿದಾಗಲೇ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಾಯಿತು. ಸಾವಿರಾರು ರೂಪಾಯಿಯ ಉಪಕರಣಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದೇ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಬಾಲ ಕಳೆದುಕೊಂಡ ಕ್ರಿಯಾಪದ

ಬಂದಿಲ್ಲ ಎಂಬುದು ಬಂದಿದೆ ಆದದ್ದಕ್ಕೆ ಕೋಡೆಕ್ ಕಾರಣವಲ್ಲ. ಹೊರಟ ಧ್ವನಿಯಲ್ಲೇ ಕೊನೆಯ ಭಾಗ ಇರಲಿಲ್ಲ. ಮಾತು ಮುಗಿಯಿತೆಂದುಕೊಂಡು ಹೇಳಿದವರು ಮೈಕಿನ ಗುಂಡಿಯನ್ನು ಒಂದು ಕ್ಷಣ ಮುಂಚೆ ಬಿಟ್ಟಿದ್ದರು. ‘ಬಂದಿ…’ ಎಂಬಲ್ಲಿಗೆ ಮಾತು ನಿಂತಿತ್ತು. ಉಳಿದದ್ದನ್ನು ಭಾಷಾ ಮಾದರಿ ತನಗೆ ಹೆಚ್ಚು ಪರಿಚಯವಿದ್ದ ರೂಪದಿಂದ ತುಂಬಿಕೊಂಡಿತು.

ಇಂಗ್ಲಿಷಿನಲ್ಲಿ ನಿಷೇಧದ ಪದ ಕ್ರಿಯಾಪದಕ್ಕೆ ಮುಂಚೆಯೇ ಬಂದುಬಿಡುತ್ತದೆ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ, ಇಲ್ಲವೆಂಬುದು ಆ ಕ್ರಿಯಾಪದದ ಕೊನೆಗೆ. ರಸ್ತೆ ತೆರೆದಿದೆ, ತೆರೆದಿಲ್ಲ. ಜನ ಬಂದಿದ್ದಾರೆ, ಬಂದಿಲ್ಲ. ಔಷಧಿ ಬೇಕು, ಬೇಡ. ಜೀವ ಉಳಿಸುವ ಸುದ್ದಿಯೆಲ್ಲ ಕೂತಿರುವುದು ಗುಂಡಿ ಬಿಡುವ ಬೆರಳಿನ ಪಕ್ಕದಲ್ಲೇ. ಇದಕ್ಕೆ ಇನ್ನೊಂದು ಅಪಾಯವೂ ಸೇರುತ್ತದೆ. ನಾವು ಬಳಸಿದ ಡಿಜಿಟಲ್ ಬಗೆಯಲ್ಲಿ ನಾಲ್ಕು ಕೋಡೆಕ್ ಫ್ರೇಮುಗಳನ್ನು ಸೇರಿಸಿ 160 ಮಿಲಿಸೆಕೆಂಡಿನ ಒಂದು ಕಟ್ಟು ಮಾಡಿ, ಅದರ ಮೇಲೆ ದೋಷ ತಿದ್ದುವ ಸಂಕೇತ ಹಾಕುತ್ತಾರೆ. ತಿದ್ದಲಾಗದಷ್ಟು ಕೆಟ್ಟರೆ ಹೋಗುವುದು ಇಡೀ ಕಟ್ಟು. ಬೇಗ ಮಾತಾಡುವವರ ಬಾಯಲ್ಲಿ 160 ಮಿಲಿಸೆಕೆಂಡಿಗೆ ಒಂದು ‘ಇಲ್ಲ’ ಪೂರ್ತಿ ಮುಗಿದುಹೋಗಿರುತ್ತದೆ.

ಇದನ್ನು ವಿವರಿಸಿದಾಗ ಸುಬೇದಾರ್ ಸಾಹೇಬ್ರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಓವರ್ ಅನ್ನೋದು ಶೋಕಿಗಲ್ಲ ಮಾರಾಯ. ಗುಂಡಿ ಬಿಡೋ ಆತುರದಲ್ಲಿ ಎಂತಾದ್ರೂ ಹೋಗೂದಾದ್ರೆ ಆ ಓವರ್ ಹೋಗ್ಲಿ, ನಿನ್ನ ಮಾತು ಉಳೀತದೆ,” ಅಂದರು. ಸೇನೆಯ ಮಾತಿನ ಶಿಸ್ತಿನಲ್ಲಿ ಅಂಕಿಗಳನ್ನು ಒಂದೊಂದಾಗಿ ಹೇಳುವುದು, ಕೇಳಿದವರು ಸಂದೇಶವನ್ನು ತಿರುಗಿ ಓದುವುದು, ಮೊದಲು ಕರೆಯ ಹೆಸರು, ಆಮೇಲೆ ವಿಷಯ, ಇವೆಲ್ಲ ಕೆಟ್ಟ ಚಾನೆಲ್‌ನಲ್ಲಿ ಕೂತ ಮನುಷ್ಯರ ಕಿವಿಗಾಗಿ ಮಾಡಿದ ನಿಯಮಗಳು. ಅದೇ ಶಿಸ್ತು ಯಂತ್ರದ ಕಿವಿಗೆ ಇನ್ನೂ ಹೆಚ್ಚು ಬೇಕು. ಅಂಕಿ ಒಂದೊಂದಾಗಿಯೇ ಬರಬೇಕು ಎಂದು ಕಟ್ಟಿದ ವ್ಯಾಕರಣದಲ್ಲಿ ನೂರು ಎಂಬ ಪದವೇ ಇರುವುದಿಲ್ಲ. ಇಲ್ಲದ ಪದವನ್ನು ಯಂತ್ರ ಬರೆಯಲಾರದು. ನಡುವಿನಂಥ ಆ ಫ್ರೇಮು ಬಂದರೂ ಅದು ಮೂರೇ ಆಗುತ್ತದೆ.

ಅಂದವಾದ ಸುಳ್ಳು

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ತಪ್ಪಾದ ಆ ಸಾಲು ಪರದೆಯ ಮೇಲೆ ಎಷ್ಟು ಚೊಕ್ಕವಾಗಿ ಮೂಡಿತ್ತು! ಕಾಗುಣಿತ ಸರಿ, ವ್ಯಾಕರಣ ಸರಿ, ಎಲ್ಲಿಯೂ ಅನುಮಾನಕ್ಕೆ ಆಸ್ಪದವಿಲ್ಲ. ಕಿವಿಯಿಂದ ಕೇಳುವ ಆಪರೇಟರ್‌ಗೆ ಸರಿಯಾಗಿ ಕೇಳದಿದ್ದರೆ ಕೇಳಲಿಲ್ಲ ಎಂಬುದಾದರೂ ಗೊತ್ತಿರುತ್ತದೆ. ಅವರು “ಮತ್ತೆ ಹೇಳಿ” ಅನ್ನುತ್ತಾರೆ. ಇಂಟರ್ನೆಟ್ಟಿನ ಅಪಾರ ಧ್ವನಿಯಲ್ಲಿ ಪಳಗಿದ ಮಾದರಿಗಳಿಗೆ ಈ ಮಾತು ಬರುವುದಿಲ್ಲ. 2022ರಲ್ಲಿ ಬಂದ, ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ಎಂಬ ಮಾದರಿಯನ್ನು 6,80,000 ಗಂಟೆಗಳ ಧ್ವನಿಯ ಮೇಲೆ ತರಬೇತು ಮಾಡಿದ್ದಾರೆ. ಅಂಥದ್ದೂ ಬರಿ ಗದ್ದಲ, ಬರಿ ಮೌನ ಕೊಟ್ಟಾಗ ಯಾರೂ ಆಡದ ವಾಕ್ಯವನ್ನು ಬರೆದಿಡುವುದುಂಟು. ರೇಡಿಯೋದಲ್ಲಿ ಬಂದ ಸಂದೇಶದ ವಿಷಯದಲ್ಲಿ ಇದು ನಿಜಕ್ಕೂ ಭಯದ ಸಂಗತಿ. ಅರ್ಧಂಬರ್ಧ ಬಂದದ್ದನ್ನು ಮತ್ತೆ ಕೇಳಿ ಪಡೆಯಬಹುದು. ಪೂರ್ತಿ ಬಂದಂತೆ ಕಾಣುವ ಸುಳ್ಳನ್ನು ಯಾರೂ ಮತ್ತೆ ಕೇಳುವುದಿಲ್ಲ.

ಎಲ್ಲಿ ಬರಹಕ್ಕಿಳಿಸಬೇಕು

ಮಾದರಿ ಬದಲಿಸುವುದಕ್ಕಿಂತ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು. ದಾರಿಗಳು ಮೂರು.

ಕೊಂಡಿ ದಾಟಿ ಬಂದ ಧ್ವನಿಯನ್ನು ಆಚೆ ತುದಿಯಲ್ಲಿ ಬರಹಕ್ಕಿಳಿಸುವುದು ಮೊದಲನೆಯದು, ನಾವು ಮಾಡಿದ್ದು. ಸೇನೆಗಳಿಗೆ ಬಹುತೇಕ ಇದೇ ಗತಿ. ಕೈಯಲ್ಲಿರುವ ರೇಡಿಯೋಗಳು ಹಳೆಯವು, ಎದುರಾಳಿಯ ಮಾತನ್ನು ಕದ್ದು ಕೇಳುವಾಗಲಂತೂ ಬೇರೆ ದಾರಿಯೇ ಇಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ರ‍್ಯಾಟ್ಸ್ ಯೋಜನೆ ಹಿಡಿದದ್ದು ಈ ಕಷ್ಟವನ್ನೇ. ಅರಬಿ, ಫಾರ್ಸಿ, ಪಶ್ತೋ, ಉರ್ದು ಮೊದಲಾದ ಭಾಷೆಗಳ ಟೆಲಿಫೋನ್ ಮಾತುಗಳನ್ನು ಎಂಟು ಬಗೆಯ ರೇಡಿಯೋ ಚಾನೆಲ್‌ಗಳ ಮೂಲಕ ಮರುಪ್ರಸಾರ ಮಾಡಿ, ಕೆಟ್ಟ ಧ್ವನಿಯ ಸಂಗ್ರಹವನ್ನೇ ಬೇಕೆಂದು ಕಟ್ಟಿದರು. ಕನ್ನಡದ ಮುಕ್ತ ಸಂಗ್ರಹಗಳಿಗೂ ನಾವು ಇದನ್ನೇ ಮಾಡಬಹುದು, ಮಾಡುತ್ತಿದ್ದೇವೆ: ಚೊಕ್ಕ ಧ್ವನಿಯನ್ನು ಕೋಡೆಕ್‌ನಲ್ಲಿ ಇಳಿಸಿ ಹತ್ತಿಸಿ, ಅದರ ಮೇಲೆ ಮಾದರಿಯನ್ನು ಮತ್ತೆ ಪಳಗಿಸುವುದು. ಲಾಭ ಖಂಡಿತ ಇದೆ. ಆದರೆ ಕೊಂಡಿಯಲ್ಲಿ ಕಳೆದುಹೋದ ಮಕಾರವನ್ನು ಯಾವ ತರಬೇತಿಯೂ ವಾಪಸ್ ತರುವುದಿಲ್ಲ.

ಎರಡನೆಯದು ಧ್ವನಿಯ ಬದಲು ಯಂತ್ರಕ್ಕೆ ಬೇಕಾದ ಲಕ್ಷಣಗಳನ್ನಷ್ಟೇ ಕಳಿಸುವುದು. ಯುರೋಪಿನ ದೂರಸಂಪರ್ಕ ಮಾನದಂಡ ಸಂಸ್ಥೆ ಎಟ್ಸಿ 2000ದಲ್ಲೇ ಇದಕ್ಕೆ ಮಾನದಂಡ ತಂದಿತು. ಮೊಬೈಲ್ ಜಾಲಕ್ಕೆಂದು ಮಾಡಿದ ಅದರ ದರ ಸೆಕೆಂಡಿಗೆ 4,800 ಬಿಟ್, ನಮ್ಮ ಕೊಂಡಿಯ ಸುಮಾರು ಏಳು ಪಟ್ಟು. ಇದನ್ನು ಬಿಟ್ಟೆವು.

ಮೂರನೆಯದು ಮಾತಾಡುವವರ ಕಡೆಯೇ, ಕೋಡೆಕ್‌ಗೂ ಮುಂಚೆ, ಚೊಕ್ಕ ಧ್ವನಿ ಕೈಯಲ್ಲಿರುವಾಗಲೇ ಬರಹಕ್ಕಿಳಿಸಿ ಬರಹವನ್ನು ಕಳಿಸುವುದು. ಲೆಕ್ಕ ಹಾಕಿ ನೋಡಿ. “ಸೇತುವೆ ಮೇಲೆ ನೀರು ಬಂದಿಲ್ಲ” ಎಂದು ಹೇಳಲು ಎರಡು ಸೆಕೆಂಡು ಬೇಕೆನ್ನೋಣ. ಮೆಲ್ಪ್‌ನಲ್ಲಿ 4,800 ಬಿಟ್, ನಮ್ಮ ಕೋಡೆಕ್‌ನಲ್ಲಿ 1,400. ಇದನ್ನೇ ಯೂನಿಕೋಡ್ ಬರಹವಾಗಿ ಯುಟಿಎಫ್-8ರಲ್ಲಿ ಕಳಿಸಿದರೆ 66 ಬೈಟು, ಅಂದರೆ 528 ಬಿಟ್. ಉಳಿತಾಯ ನಾವಂದುಕೊಂಡಷ್ಟಿಲ್ಲ, ಯಾಕೆಂದರೆ ಕನ್ನಡದ ಒಂದೊಂದು ಚಿಹ್ನೆಗೂ ಅಲ್ಲಿ ಮೂರು ಬೈಟು; ಒತ್ತಕ್ಷರ ಬಂದರೆ ಒಂಬತ್ತು. ಆದರೆ 256 ಪದಗಳ ಒಂದು ಪಟ್ಟಿ ಮಾಡಿ ಪದಕ್ಕೊಂದು ಬೈಟು ಕೊಟ್ಟರೆ ಇಡೀ ವಾಕ್ಯ 32 ಬಿಟ್. ಹತ್ತು ಸಲ ಕಳಿಸಿದರೂ 320. ಸಿಡಿಲಿಗೆ ಒಂಬತ್ತು ಹಾಳಾದರೂ ಒಂದು ದಾಟಿದರೆ ಸಾಕು.

ನಾವು ಒಪ್ಪಿಕೊಂಡದ್ದು ಈ ಮೂರನೆಯ ದಾರಿ, ಆದರೆ ಧ್ವನಿಯನ್ನು ಬಿಡದೆ. ಊರಿನ ಕಡೆ ಒಂದು ಹಳೆಯ ಆಂಡ್ರಾಯ್ಡ್ ಫೋನು ಸೇರಿಕೊಂಡಿತು. ಇಂಟರ್ನೆಟ್ ಬೇಡದ ಸಣ್ಣ ಮಾದರಿ, ಪಟ್ಟಿಯ ಪದಗಳಷ್ಟೇ ಅದಕ್ಕೆ ಗೊತ್ತು. ಮಾತಾಡಿದ್ದನ್ನು ಅದು ಪರದೆಯ ಮೇಲೆ ತೋರಿಸುತ್ತದೆ. ಹೇಳಿದವರೇ ನೋಡಿ ಒಪ್ಪಿದ ಮೇಲೆ ಕಳಿಸುತ್ತದೆ. ಅಂಕಿ ತಪ್ಪಾಗಿ ಬಂದರೆ ಅಲ್ಲೇ, ಮನೆ ಎಷ್ಟೆಂದು ಕಣ್ಣಾರೆ ಕಂಡವರ ಕೈಯಲ್ಲೇ ಅದು ಸಿಕ್ಕಿಬೀಳುತ್ತದೆ. ತಪ್ಪು ಹಿಡಿಯಲು ಇದಕ್ಕಿಂತ ಒಳ್ಳೆ ಜಾಗ ಇನ್ನೊಂದಿಲ್ಲ. ತಾನು ಕೇಳಿದ್ದರ ಮೇಲೆ ನಂಬಿಕೆ ಸಾಲದಿದ್ದರೆ ಯಂತ್ರ ವಾಕ್ಯ ಕಟ್ಟುವುದಿಲ್ಲ, ‘ಮತ್ತೆ ಹೇಳಿ’ ಎಂದಷ್ಟೇ ತೋರಿಸುತ್ತದೆ. ಶಿವಮೊಗ್ಗದ ಕಡೆಯ ಮಾದರಿಯನ್ನೂ ಉಳಿಸಿಕೊಂಡೆವು, ಒಂದು ಬದಲಾವಣೆಯೊಂದಿಗೆ: ಯಾವ ಕಟ್ಟು ತಿದ್ದಲಾಗದೆ ಹೋಯಿತೆಂದು ಮೋಡೆಮ್‌ಗೆ ಗೊತ್ತಿರುತ್ತದೆ, ಆ ಜಾಗದ ಪದವನ್ನು ಮಾದರಿ ಊಹಿಸದೆ ಖಾಲಿ ಬಿಡುತ್ತದೆ. ಹವ್ಯಾಸಿ ರೇಡಿಯೋದಲ್ಲಿ ಗುಪ್ತ ಸಂಕೇತಕ್ಕೆ ಅವಕಾಶವಿಲ್ಲದ ಕಾರಣ ಪದಪಟ್ಟಿ ಎಲ್ಲರಿಗೂ ತೆರೆದದ್ದು.

ಧ್ವನಿಯನ್ನು ಉಳಿಸಿಕೊಳ್ಳಬೇಕೆಂದು ಹಟ ಹಿಡಿದವರು ಸುಬೇದಾರ್ ಸಾಹೇಬ್ರು. “ಬರಹದಲ್ಲಿ ಎಲ್ಲ ಸರಿ ಇರ್ತದೆ. ಹೇಳೋವ್ರ ಉಸಿರು ಹೇಗಿದೆ ಅಂತ ಬರಹ ಹೇಳೂದಿಲ್ಲ,” ಅಂದರು. ನಾನು ಪೂರ್ತಿ ಒಪ್ಪುತ್ತೇನೆ. ಬರಹ ಮೊದಲು ಹೋಗುತ್ತದೆ, ಧ್ವನಿ ಹಿಂದೆ ಬರುತ್ತದೆ, ಕೇಂದ್ರ ಅದನ್ನು ಧ್ವನಿಯಲ್ಲೇ ತಿರುಗಿ ಓದುತ್ತದೆ.

ಆಮೇಲೆ ಕಂಡದ್ದು

ಅಂಕಿ ಮತ್ತು ಇಲ್ಲಗಳ ತಪ್ಪು ಮುಂದಿನ ಕಾರ್ಯಾಚರಣೆಗಳಲ್ಲಿ ಕೇಂದ್ರದವರೆಗೆ ಬರಲಿಲ್ಲ. ಬಂದವು ಫೋನಿನ ಪರದೆಯಲ್ಲೇ ನಿಂತವು. ಸಂದೇಶ ಕಳಿಸಲು ತಗಲುವ ಹೊತ್ತು ಹೆಚ್ಚಾಯಿತು, ನೋಡಿ ಒಪ್ಪಬೇಕಲ್ಲ. ಈ ನಿಧಾನ ಕೊಡಬೇಕಾದ ಬೆಲೆಯೇ ಎಂದು ನನ್ನ ತೀರ್ಮಾನ.

ಹೊಸ ತೊಡಕುಗಳೂ ಬಂದವು. ನಮ್ಮ ಜನ ಅಂಕಿಯನ್ನು ಅಂದಾಜಿನಲ್ಲಿ ಹೇಳುತ್ತಾರೆ. “ಎರಡ್ಮೂರು ಮನೆ” ಎಂದದ್ದನ್ನು ಫೋನು 2, 3 ಎಂದು ಬಿಡಿಯಾಗಿ ಬರೆಯಿತು. ಕೇಂದ್ರದಲ್ಲಿ ಅದನ್ನು 23 ಎಂದು ಓದಿಕೊಂಡರು. ಅಂದಾಜಿಗೆ ಬೇರೆಯೇ ಪದ ಪಟ್ಟಿಗೆ ಸೇರಿತು: ‘ಅಂದಾಜು ಮೂರು’. ಇನ್ನು ನಗರ ಎಂಬ ಊರು. “ನಗರಕ್ಕೆ ನೀರು ಬಂದಿದೆ” ಎಂದರೆ ಶಿವಮೊಗ್ಗದಲ್ಲಿ ಕೂತವರಿಗೆ ತಮ್ಮ ಕಾಲ ಬುಡವೇ ನೆನಪಾಗುತ್ತದೆ. ಪಟ್ಟಿಯಲ್ಲಿ ಅದು ಈಗ ‘ಬಿದನೂರು ನಗರ’. ನಿಷೇಧಕ್ಕೆ ಎರಡು ಸಲ ಹೇಳುವ ರೂಢಿ ಮಾಡಿದೆವು: “ಇಲ್ಲ, ಸೇತುವೆ ಮೇಲೆ ನೀರು ಬಂದಿಲ್ಲ, ಓವರ್.” ಮೊದಲು ಕೃತಕ ಅನ್ನಿಸಿದ್ದು ಬೇಗ ಬಾಯಿಗೆ ಕೂತಿತು.

ಬಗೆಹರಿಯದೆ ಉಳಿದಿರುವುದು ದನಿಗಳ ವಿಷಯ. ಈವರೆಗೆ ಮಾತಾಡಿದವರು ಬಹುಪಾಲು ಗಂಡಸರು, ಮೈಕಿನ ರೂಢಿ ಇದ್ದವರು. ಮಳೆಗಾಲದ ಹಗಲಿನಲ್ಲಿ ಮನೆಯಲ್ಲಿ ಸಿಗುವವರು ಹೆಂಗಸರು, ಅಜ್ಜ-ಅಜ್ಜಿಯರು. ಎತ್ತರದ ಶ್ರುತಿಯ ದನಿಗಳಿಗೆ ಹಳೆಯ ವೋಕೋಡರುಗಳು ಸರಿಯಾಗಿ ಒದಗಿದ್ದಿಲ್ಲ. ಮನೆಯೊಳಗೆ ಹವ್ಯಕ ಕನ್ನಡ ಆಡುವವರು ಗಾಬರಿಯಲ್ಲಿ ಪುಸ್ತಕದ ಕನ್ನಡಕ್ಕೆ ಬರುವುದಿಲ್ಲ. ಬರಬೇಕೆಂದು ಕೇಳುವುದೂ ಸರಿಯಲ್ಲ. ಹಾಗಾಗಿ ಈ ಮಳೆಗಾಲದ ಕೆಲಸ ನಿಗದಿಯಾಗಿದೆ: ಪಟ್ಟಿಯ ಪದಗಳನ್ನು ಅವರವರ ಮಾತಿನಲ್ಲೇ, ಶೀಟಿನ ಕೆಳಗೆ, ಮಳೆ ಬೀಳುವಾಗಲೇ ಮುದ್ರಿಸಿಕೊಂಡು ಫೋನಿನ ಮಾದರಿಗೆ ಕಲಿಸುವುದು.